ಕಣ್ಣು ಕಾಣದವರಿಗೆ ಸೋಮನಾಥಪುರ ತೋರಿಸುವುದು ಹೇಗೆ?

ಚಿಕ್ಕಪ್ಪನ ಜೊತೆ ಎರಡನೇ ಸಲ ಸೋಮನಾಥಪುರಕ್ಕೆ ಹೊರಟಾಗ ನನ್ನ ಬ್ಯಾಗಿನಲ್ಲಿ ಮೂರು ಸಾಮಾನು ಇದ್ದವು. ಒಂದು ಬಾಳೆಹೂವು. ಅಜ್ಜಿ ಕಾಲದ ಕಲ್ಚಟ್ಟಿಯ ಒಡೆದ ಚೂರು. ಮತ್ತೊಂದು ರಟ್ಟಿನ ಹಾಳೆ, ಅದರ ಮೇಲೆ ದಪ್ಪ ಹುರಿಯನ್ನು ಗೋಂದು ಹಾಕಿ ಅಂಟಿಸಿ ಮಾಡಿದ ಗುಡಿಯ ನಕ್ಷೆ.

ಮೊದಲ ಸಲ ಹೋದಾಗ ಇದ್ಯಾವುದೂ ಇರಲಿಲ್ಲ. ಕೈ ಹಿಡಿದು ನಡೆಸುವುದು, ಕಂಡದ್ದನ್ನೆಲ್ಲ ಹೇಳುತ್ತಾ ಹೋಗುವುದು, ನನಗೆ ಗೊತ್ತಿದ್ದದ್ದು ಇಷ್ಟೇ. "ಇಲ್ಲಿ ಆನೆಗಳ ಸಾಲು ಇದೆ ಚಿಕ್ಕಪ್ಪ. ಅದರ ಮೇಲೆ ಕುದುರೆ. ಅಬ್ಬಾ, ಎಷ್ಟು ನಾಜೂಕು ಕೆತ್ತನೆ ಗೊತ್ತಾ!" ಅರ್ಧ ಗಂಟೆ ಸುಮ್ಮನೆ ಕೇಳಿಸಿಕೊಂಡ ಅವರು ಕೊನೆಗೆ ಕೇಳಿದರು: "ಅದೆಲ್ಲ ಸರಿಯಪ್ಪಾ. ಈಗ ನಾವು ಗುಡಿ ಒಳಗಿದ್ದೀವೋ, ಹೊರಗಿದ್ದೀವೋ?"

ಆ ಪ್ರಶ್ನೆಯಿಂದಲೇ ನನಗೆ ಈ ವಿಷಯದ ಹುಚ್ಚು ಹಿಡಿದದ್ದು. ಹಳೆಯ ಗುಡಿ, ಕೋಟೆ, ಗುಹೆಗಳನ್ನು ಕಣ್ಣು ಕಾಣದವರಿಗೂ ಮಂದ ದೃಷ್ಟಿಯವರಿಗೂ ದಕ್ಕುವಂತೆ ಮಾಡುವುದು ಎಂದರೆ ಏನು? ಬ್ರೈಲ್ ಬೋರ್ಡ್ ಒಂದು ನೆಟ್ಟರೆ ಆಯಿತು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಷ್ಟು ಸುಲಭವಲ್ಲ. ಹಾಗಂತ ಕೈಗೆಟುಕದ ಕೆಲಸವೂ ಅಲ್ಲ.

ಕಾಣದಿರುವುದರಲ್ಲೂ ನಾನಾ ಬಗೆ

ಚಿಕ್ಕಪ್ಪ ಲೈನ್‌ಮನ್ ಆಗಿದ್ದವರು. ಕಂಬ ಹತ್ತಿ ಇಳಿದೇ ನಿವೃತ್ತರಾದರು. ಆಮೇಲೆ ಗ್ಲಾಕೋಮಾ ಅವರ ನೋಟವನ್ನು ಅಂಚಿನಿಂದ ಸ್ವಲ್ಪ ಸ್ವಲ್ಪವೇ ತಿಂದುಹಾಕಿತು. ಎದುರಿಗೆ ನಿಂತವರ ಮೂಗು, ಬಾಯಿ ಕಾಣುತ್ತದೆ. ಕಾಲ ಬುಡದ ಮೆಟ್ಟಿಲು ಕಾಣುವುದಿಲ್ಲ. ಕೊಳವೆಯೊಳಗಿಂದ ಇಣುಕಿದ ಹಾಗೆ. ನಮ್ಮ ಬೀದಿಯ ಒಬ್ಬ ಅಜ್ಜಿಗೆ ಇದರ ಉಲ್ಟಾ. ನೋಟದ ನಟ್ಟನಡುವೆ ಮಬ್ಬು, ಸುತ್ತಲೂ ಪರವಾಗಿಲ್ಲ. ಅವರು ಆರಾಮಾಗಿ ನಡೆದಾಡುತ್ತಾರೆ, ಆದರೆ ಬಸ್ಸಿನ ಬೋರ್ಡ್ ಓದಲಾರರು. ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟವರಿಗೆ ಅಲ್ಲಲ್ಲಿ ಕಪ್ಪು ಕಲೆ ತೇಲುತ್ತವೆ. ಹುಟ್ಟಿನಿಂದಲೇ ಏನೂ ಕಾಣದವರ ಲೋಕವಂತೂ ಪೂರ್ತಿ ಬೇರೆ. ಅವರಿಗೆ ಕಂಬ ಎಂದರೆ ತಬ್ಬಿಕೊಂಡಾಗ ಸಿಗುವ ದಪ್ಪ, ನೆರಳು ಎಂದರೆ ಮೈಗೆ ತಾಗುವ ತಂಪು.

ಕಾನೂನು ಇದಕ್ಕೆ ಅಳತೆ ಇಟ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅದು ಅಂಧತ್ವ. ಅಂದರೆ ಸರಿಯಾಗಿ ಕಾಣುವವರು 60 ಮೀಟರ್ ದೂರದಿಂದ ಗುರುತಿಸುವುದನ್ನು ಇವರು 3 ಮೀಟರ್ ಹತ್ತಿರ ಬಂದರೂ ಗುರುತಿಸಲಾರರು. ನೋಟದ ಅಗಲ 10 ಡಿಗ್ರಿಗಿಂತ ಕಡಿಮೆ ಆದರೂ ಅಂಧತ್ವವೇ. 10 ಡಿಗ್ರಿ ಎಷ್ಟು ಅಂತ ತಿಳಿಯಬೇಕಾ? ಕೈಯನ್ನು ಎದುರಿಗೆ ನೇರ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿ ಮರೆ ಮಾಡುವಷ್ಟು ಜಾಗವೇ ಸುಮಾರು 10 ಡಿಗ್ರಿ. ಅಷ್ಟರಲ್ಲೇ ಇಡೀ ಲೋಕ ನೋಡಬೇಕು. 3/60ರಿಂದ 6/18ರ ನಡುವೆ ಇರುವವರು, ಅಥವಾ ನೋಟದ ಅಗಲ 10ರಿಂದ 40 ಡಿಗ್ರಿ ಒಳಗೆ ಇರುವವರು ಮಂದ ದೃಷ್ಟಿಯವರು.

2011ರ ಜನಗಣತಿಯಲ್ಲಿ ದೇಶದಲ್ಲಿ ದೃಷ್ಟಿದೋಷ ಇರುವವರು 50 ಲಕ್ಷಕ್ಕೂ ಜಾಸ್ತಿ ಎಂದು ಲೆಕ್ಕ ಬಂತು. ಕರ್ನಾಟಕದಲ್ಲೇ ಸುಮಾರು 2.6 ಲಕ್ಷ. ಇವರಲ್ಲಿ ಬ್ರೈಲ್ ಓದಬಲ್ಲವರು ಸ್ವಲ್ಪವೇ ಜನ. ಚಿಕ್ಕಪ್ಪನ ಹಾಗೆ ವಯಸ್ಸಾದ ಮೇಲೆ ಕಣ್ಣು ಕಳೆದುಕೊಂಡವರು ಬ್ರೈಲ್ ಕಲಿತಿರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕೆಲವರಿಗೆ ಬೆರಳ ತುದಿಯ ಸ್ಪರ್ಶವೂ ಜೋಮು ಹಿಡಿದ ಹಾಗೆ ಮಂದವಾಗಿರುತ್ತದೆ. ಹಾಗಾಗಿ ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಒಂದೇ ವಿಷಯ ಕೈಗೂ ಸಿಗಬೇಕು, ಕಿವಿಗೂ ಸಿಗಬೇಕು, ಉಳಿದಿರುವ ಅಷ್ಟಿಷ್ಟು ನೋಟಕ್ಕೂ ಸಿಗಬೇಕು.

ಬೆರಳು ನೋಡುವ ರೀತಿ

ಕಣ್ಣು ಮೊದಲು ಇಡೀ ಗುಡಿಯನ್ನು ಹಿಡಿಯುತ್ತದೆ. ಬಾಗಿಲು, ಗೋಪುರ, ಅಂಗಳ ಎಲ್ಲ ಒಂದೇ ನೋಟಕ್ಕೆ ಬರುತ್ತವೆ. ಆಮೇಲೆ ಒಂದೊಂದು ಶಿಲ್ಪಕ್ಕೆ ಇಳಿಯುತ್ತದೆ. ಬೆರಳಿನ ದಾರಿ ತಿರುಗುಮುರುಗು. ಅದಕ್ಕೆ ಮೊದಲು ಸಿಗುವುದು ಒಂದು ಚೂರು. ಆಮೇಲೆ ಪಕ್ಕದ ಇನ್ನೊಂದು ಚೂರು. ಹೀಗೆ ಒಂದಕ್ಕೊಂದು ಸೇರಿಸಿ ಮನಸ್ಸಿನಲ್ಲಿ ಇಡೀ ಆಕಾರ ಕಟ್ಟಿಕೊಳ್ಳಬೇಕು. ಅಷ್ಟು ದೊಡ್ಡ ಗುಡಿಯನ್ನು ಅಂಗೈಯಲ್ಲಿ ಸವರಿ ಸವರಿ ಕಟ್ಟಿಕೊಳ್ಳುವುದು ಆಗದ ಮಾತು. ನಾನು ಮೊದಲ ಸಲ ಮಾಡಿದ ತಪ್ಪು ಇದೇ. ಇಡೀ ಗುಡಿ ಹೇಗಿದೆ ಎಂದು ಹೇಳದೆ ನೇರ ಆನೆಗೆ ಹೋಗಿಬಿಟ್ಟೆ.

ಅದಕ್ಕೇ ಬಾಗಿಲಲ್ಲೇ ಒಂದು ಮುಟ್ಟುವ ಮಾದರಿ ಇರಬೇಕು. ಇಡೀ ಗುಡಿ ಎರಡು ಕೈಗಳ ನಡುವೆ ಬರುವಷ್ಟು ಚಿಕ್ಕದು. ನಿಂತವರ ಸೊಂಟದ ಎತ್ತರಕ್ಕೆ ಇರಬೇಕು. ಗಾಲಿಕುರ್ಚಿಯಲ್ಲಿ ಕೂತವರ ಮೊಣಕಾಲು ಅದರ ಕೆಳಗೆ ಹೋಗಬೇಕು. ಇನ್ನೊಂದು ಮಾತು, ಮಾದರಿಯ ಮುಖ ನಿಜವಾದ ಗುಡಿಯ ಮುಖದ ದಿಕ್ಕಿಗೇ ಇರಬೇಕು. ಮಾದರಿಯಲ್ಲಿ ಬಲಕ್ಕೆ ಸಿಕ್ಕಿದ್ದು ತಲೆ ಎತ್ತಿ ನಡೆದಾಗಲೂ ಬಲಕ್ಕೇ ಸಿಗಬೇಕು. ಇದನ್ನು ಮರೆತು ಗೋಡೆಗೆ ಒರಗಿಸಿ ಉಲ್ಟಾ ಇಟ್ಟರೆ ಇಡೀ ಶ್ರಮ ದಂಡ.

ಸೋಮನಾಥಪುರದ ಕೇಶವ ಗುಡಿಯನ್ನೇ ತೆಗೆದುಕೊಳ್ಳಿ. 1258ರಲ್ಲಿ ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸುತ್ತಲೂ ಚಿಕ್ಕ ಚಿಕ್ಕ ಗುಡಿಗಳ ಕೈಸಾಲೆ, ನಡುವೆ ಅಂಗಳ, ಅಂಗಳದ ನಡುವೆ ಜಗತಿ ಎನ್ನುವ ಎತ್ತರದ ಕಲ್ಲುಕಟ್ಟೆ, ಜಗತಿಯ ಮೇಲೆ ಗುಡಿ. ಪೂರ್ವಕ್ಕೆ ಬಾಗಿಲು. ಹಿಂದೆ ಮೂರು ಗರ್ಭಗುಡಿಗಳು, ಕೇಶವ, ಜನಾರ್ದನ, ವೇಣುಗೋಪಾಲ. ಒಂದೊಂದೂ ಹದಿನಾರು ಮೂಲೆಯ ನಕ್ಷತ್ರದ ಆಕಾರ. ಇಷ್ಟು ತಿಳಿದರೆ ಅರ್ಧ ಗುಡಿ ಕೈಗೆ ಸಿಕ್ಕ ಹಾಗೆ. ಇದನ್ನು ಬಾಯಲ್ಲಿ ಹತ್ತು ಸಲ ಹೇಳಿದರೂ ತಲೆಗೆ ಹತ್ತುವುದಿಲ್ಲ. ಹುರಿಯ ನಕ್ಷೆಯ ಮೇಲೆ ಬೆರಳು ಒಂದು ಸುತ್ತು ಬಂದರೆ ಸಾಕು.

ಮಾದರಿ ಮಾಡುವವರಿಗೆ ಒಂದು ಆಸೆ ಇರುತ್ತದೆ. ಇರುವುದನ್ನೆಲ್ಲ ತುಂಬಿಸಬೇಕು ಎಂದು. ಬೇಡ. ನಕ್ಷತ್ರದ ಮೂಲೆ, ಬಾಗಿಲು, ಜಗತಿಯ ಅಂಚು ಚೆನ್ನಾಗಿ ಸಿಗಬೇಕಾದರೆ ಸಾವಿರ ಶಿಲ್ಪಗಳ ಗುಜುಗುಜು ಅದರ ಮೇಲೆ ಇರಬಾರದು. ಇಡೀ ಗುಡಿಗೆ ಒಂದು ಮಾದರಿ. ಗೋಡೆಯ ಒಂದು ಭಾಗಕ್ಕೆ ಬೇರೆ ಮಾದರಿ. ಒಂದು ಶಿಲ್ಪಕ್ಕೆ ಇನ್ನೊಂದು. ಮೇಲ್ಛಾವಣಿ ತೆಗೆದಿಟ್ಟು ಒಳಗೆ ಬೆರಳು ಹಾಕಲು ಬಂದರೆ ಇನ್ನೂ ಚೆಂದ.

ಇಟಲಿಯ ಅಂಕೋನಾ ಊರಿನಲ್ಲಿ ಇದನ್ನೇ ಪೂರ್ತಿ ನೆಚ್ಚಿಕೊಂಡ ಮ್ಯೂಸಿಯಂ ಇದೆ. ಕುರುಡು ಕವಿ ಎಂದು ಹೆಸರಾದ ಹೋಮರನ ಹೆಸರಿನದು, ಒಮೇರೋ ಮ್ಯೂಸಿಯಂ. ಅದು ತೆರೆದದ್ದು 1993ರಲ್ಲಿ, ಕಣ್ಣು ಕಾಣದ ಗಂಡ ಹೆಂಡತಿಯ ಒತ್ತಾಸೆಯಿಂದ. ಆಲ್ಡೋ ಗ್ರಸ್ಸಿನಿ, ಡಾನಿಯೇಲಾ ಬೊತ್ತೆಗೋನಿ ಇಬ್ಬರಿಗೂ ದೇಶ ಸುತ್ತುವ ಆಸೆ. ಆದರೆ ಹೋದ ಮ್ಯೂಸಿಯಂಗಳಲ್ಲೆಲ್ಲ ಮುಟ್ಟಬೇಡಿ ಎನ್ನುವವರೇ. ಹಾಗಾದರೆ ಮುಟ್ಟಲೆಂದೇ ಒಂದು ಮ್ಯೂಸಿಯಂ ಇರಲಿ ಎಂದು ಹಟ ಹಿಡಿದರು. 1999ರಲ್ಲಿ ಇಟಲಿ ಸರ್ಕಾರ ಅದನ್ನು ರಾಷ್ಟ್ರೀಯ ಮ್ಯೂಸಿಯಂ ಮಾಡಿತು. ಗ್ರೀಸಿನ ಪಾರ್ಥೆನಾನ್, ರೋಮಿನ ಸೇಂಟ್ ಪೀಟರ್ಸ್ ಚರ್ಚು, ಎಲ್ಲವೂ ಅಲ್ಲಿ ಕೈಯಳತೆಗೆ ಬಂದಿವೆ. ನಮ್ಮಲ್ಲೂ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 2015ರಲ್ಲಿ 'ಅನುಭವ' ಎಂಬ ಸ್ಪರ್ಶ ಗ್ಯಾಲರಿ ತೆರೆಯಿತು. ಶಿಲ್ಪಗಳ ಪ್ರತಿಗಳು, ಬ್ರೈಲ್ ವಿವರ, ಕೇಳುವ ವಿವರ ಒಟ್ಟಿಗೆ ಇಟ್ಟರು.

ಮುಟ್ಟಬೇಡಿ ಎಂಬ ಬೋರ್ಡು ಸುಳ್ಳಲ್ಲ

ಇಲ್ಲಿ ಒಂದು ನಿಜವಾದ ಇಕ್ಕಟ್ಟು ಇದೆ. ಅದನ್ನು ಮುಚ್ಚಿಟ್ಟು ಮಾತಾಡಬಾರದು. ಹೊಯ್ಸಳರ ಗುಡಿಗಳು ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಶಿಲ್ಪಿಗಳು ಅದರಲ್ಲಿ ಕಿವಿಯ ಓಲೆ, ಕಾಲಿನ ಗೆಜ್ಜೆ ಎಲ್ಲವನ್ನೂ ಬಿಡಿಸಿದರು. ಆದರೆ ಸಾವಿರಾರು ಕೈ ಸವರಿದರೆ ಬೆವರಿನ ಉಪ್ಪು, ಚರ್ಮದ ಜಿಡ್ಡು ಕಲ್ಲಿಗೆ ಇಳಿಯುತ್ತವೆ. ಜನ ಜಾಸ್ತಿ ಮುಟ್ಟುವ ಮೊಣಕಾಲು, ಮೂಗು ಕಪ್ಪಗೆ ಮಿರುಗುತ್ತವೆ, ಅಂಚು ಸವೆಯುತ್ತದೆ. ಉಂಗುರ, ಬಳೆ ತಾಗಿದರೆ ಗೀರು. ಹಂಪಿಯ ವಿಠ್ಠಲ ಗುಡಿಯ ಸಂಗೀತದ ಕಂಬಗಳನ್ನು ಬಡಿದು ನೋಡುವುದನ್ನು ನಿಲ್ಲಿಸಿದ್ದು ಸುಮ್ನೆ ಅಲ್ಲ.

ಹಾಗಾದರೆ ದಾರಿ ಏನು? ಇಡೀ ಗುಡಿ ಮುಟ್ಟಲು ಬಿಡಬೇಕಿಲ್ಲ, ಮುಟ್ಟಲು ಒಂದಿಷ್ಟನ್ನು ಬಿಟ್ಟರೆ ಸಾಕು. ನಮ್ಮ ಯಾವ ಹಳೆಯ ಗುಡಿಗೆ ಹೋದರೂ ಅಂಗಳದ ಮೂಲೆಯಲ್ಲಿ ಬಿದ್ದ ಕಲ್ಲುಗಳ ಸಾಲು ಇರುತ್ತದೆ. ಮುರಿದ ಕಂಬದ ತುಂಡು, ಸೂರಿನ ಚೂರು, ತಲೆ ಇಲ್ಲದ ವಿಗ್ರಹ. ಅದರಲ್ಲಿ ನಾಲ್ಕಾರನ್ನು ಆರಿಸಿ, ತೊಳೆದು, ನೆರಳಿನಲ್ಲಿ ಪೀಠದ ಮೇಲೆ ಇಟ್ಟು ಇವು ಮುಟ್ಟುವ ಕಲ್ಲು ಎಂದು ಗುರುತು ಮಾಡಬಹುದು. ಉಂಗುರ, ಗಡಿಯಾರ ಬಿಚ್ಚಿ, ಕೈ ತೊಳೆದು ಒರೆಸಿಕೊಂಡು ಮುಟ್ಟಬೇಕು ಅಷ್ಟೇ. ಎಂಟು ನೂರು ವರ್ಷದ ಹಿಂದಿನ ಉಳಿಯ ಗುರುತು ನಿಜವಾದ ಕಲ್ಲಿನ ಮೇಲೇ ಬೆರಳಿಗೆ ಸಿಗುತ್ತದೆ. ಪ್ಲಾಸ್ಟಿಕ್ ಮಾದರಿ ಎಷ್ಟೇ ಚೆನ್ನಾಗಿದ್ದರೂ ಆ ತಂಪು, ಆ ತೂಕ ಕೊಡುವುದಿಲ್ಲ.

ಪ್ರತಿ ಬೇಕು ಎಂದರೆ ಈಗ ದಾರಿ ಸುಲಭ. ಶಿಲ್ಪವನ್ನು ಮುಟ್ಟದೆ ಬೆಳಕಿನಿಂದಲೇ ಅಳೆಯುವ ಸ್ಕ್ಯಾನರ್‌ಗಳಿವೆ. ನೂರಾರು ಫೋಟೋ ಜೋಡಿಸಿ ಆಕಾರ ಕಟ್ಟುವ ತಂತ್ರಾಂಶಗಳಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಅಧ್ಯಯನದ ಸಂಸ್ಥೆ ಸುತ್ತಮುತ್ತಲ ಶಾಸನಗಳನ್ನು ಹೀಗೇ ತ್ರೀಡಿ ಸ್ಕ್ಯಾನ್ ಮಾಡುತ್ತಾ ಬಂದಿದೆ. ಅವರ ಉದ್ದೇಶ ಶಾಸನ ಉಳಿಸುವುದು, ಓದುವುದು. ಆದರೆ ಅದೇ ಕಡತವನ್ನು ತ್ರೀಡಿ ಪ್ರಿಂಟರ್‌ಗೆ ಕೊಟ್ಟರೆ ಶಾಸನ ಬೆರಳಿಗೂ ಬರುತ್ತದೆ. ಐದನೇ ಶತಮಾನದ ಹಲ್ಮಿಡಿ ಶಾಸನದ ಅಕ್ಷರ ಇಂದಿನ ನಮ್ಮ ಅಕ್ಷರಕ್ಕಿಂತ ಎಷ್ಟು ಬೇರೆ ಎಂದು ಕನ್ನಡದ ಒಬ್ಬ ಅಂಧ ವಿದ್ಯಾರ್ಥಿ ತಾನೇ ಸವರಿ ತಿಳಿಯಬಹುದು, ಅಲ್ವಾ? ಕಲ್ಲಿನ ಪ್ರತಿಯೇ ಬೇಕೆಂದರೆ ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ ಇವತ್ತಿಗೂ ಉಳಿ ಹಿಡಿದ ಶಿಲ್ಪಿಗಳಿದ್ದಾರೆ. ಒಂದು ಮದನಿಕೆಯ, ಅಂದರೆ ಬಳುಕಿ ನಿಂತ ಹೆಣ್ಣಿನ ಶಿಲ್ಪದ ಪ್ರತಿ, ಒಂದು ಕಂಬದ ತುಂಡು, ಗೋಡೆಯ ಒಂದು ಮೊಳ ಅವರ ಕೈಯಲ್ಲಿ ಮಾಡಿಸಬಹುದು. ಕೆಲಸ ನಮ್ಮವರಿಗೇ ಸಿಗುತ್ತದೆ.

ಬೋರ್ಡಿನ ಕಥೆ

ಒಂದು ಜಾಗದಲ್ಲಿ, ಹೆಸರು ಬೇಡ, ಬ್ರೈಲ್ ಫಲಕ ನೋಡಿ ನನಗೆ ಖುಷಿಯಾಯಿತು. ಹತ್ತಿರ ಹೋದೆ. ಫಲಕದ ಮುಂದೆ ಸರಪಳಿ ಕಟ್ಟಿದ್ದರು. ಕೈ ಚಾಚಿದರೂ ಎಟಕುತ್ತಿರಲಿಲ್ಲ. ಅದು ಉಕ್ಕಿನ ತಗಡು ಬೇರೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಹಂಚಿನ ಹಾಗೆ ಕಾದಿತ್ತು. ಬೆರಳಿಟ್ಟು ಓದುವುದಿರಲಿ, ತಾಗಿಸಲೂ ಆಗುವ ಹಾಗಿರಲಿಲ್ಲ. ನಮ್ಮ ಬಿಸಿಲಿಗೆ ಲೋಹದ ಫಲಕವಾದರೆ ಮೇಲೊಂದು ಸೂರು ಬೇಕೇ ಬೇಕು. ಇದು ತಣ್ಣನೆಯ ದೇಶದವರ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಬ್ರೈಲ್ ಬಗ್ಗೆ ನಾಲ್ಕು ಮಾತು. ಆರು ಚುಕ್ಕಿಗಳ ಒಂದು ಮನೆ, ಮೇಲಿಂದ ಕೆಳಗೆ ಎರಡು ಸಾಲು, ಸಾಲಿಗೆ ಮೂರು. ಯಾವ ಚುಕ್ಕಿ ಉಬ್ಬಿದೆ ಎನ್ನುವುದರ ಮೇಲೆ ಅಕ್ಷರ. ಚುಕ್ಕಿಯಿಂದ ಚುಕ್ಕಿಗೆ ಸುಮಾರು 2.5 ಮಿಲಿಮೀಟರ್, ಎತ್ತರ ಅರ್ಧ ಮಿಲಿಮೀಟರ್ ಇರಬೇಕು. ಬೋರ್ಡ್ ಚೆನ್ನಾಗಿ ಕಾಣಲಿ ಎಂದು ಅದನ್ನು ದೊಡ್ಡದು ಮಾಡಿದರೆ ಬೆರಳ ತುದಿಗೆ ಒಂದು ಮನೆ ಪೂರ್ತಿ ಸಿಗುವುದಿಲ್ಲ, ಓದಲಾಗುವುದಿಲ್ಲ. ಕನ್ನಡಕ್ಕೆ ಭಾರತಿ ಬ್ರೈಲ್ ಇದೆ, ನಮ್ಮ ದೇಶದ ಭಾಷೆಗಳಿಗೆ ಹೊಂದಿಸಿದ ಬ್ರೈಲ್. 'ಹಂಪಿ' ಎಂದು ನಾವು ಎರಡು ಅಕ್ಷರ ಬರೆಯುತ್ತೇವೆ. ಬ್ರೈಲ್‌ನಲ್ಲಿ ನಾಲ್ಕು ಮನೆ: ಹ, ಸೊನ್ನೆ, ಪ, ಇ. ಹಾಗಾಗಿ ಬ್ರೈಲ್ ತುಂಬಾ ಜಾಗ ತಿನ್ನುತ್ತದೆ. ಇಡೀ ಇತಿಹಾಸ ಫಲಕಕ್ಕೆ ತುಂಬುವ ಬದಲು ನೀವು ಎಲ್ಲಿದ್ದೀರಿ, ಎದುರಿಗೆ ಏನಿದೆ, ಮುಂದೆ ಎತ್ತ ಹೋಗಬೇಕು, ಇಷ್ಟಿದ್ದರೆ ಸಾಕು. ಉಳಿದದ್ದು ಪುಸ್ತಕದಲ್ಲಿ ಅಥವಾ ಫೋನಿನಲ್ಲಿ. ಕರ್ನಾಟಕದ ಜಾಗದಲ್ಲಿ ಬ್ರೈಲ್ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅದು ಯಾರಿಗಾಗಿ ಎಂದು ಕೇಳಲೇಬೇಕು.

ಮಂದ ದೃಷ್ಟಿಯವರ ಬಗ್ಗೆ ಯಾರೂ ಜಾಸ್ತಿ ಯೋಚಿಸುವುದಿಲ್ಲ. ಸಂಖ್ಯೆಯಲ್ಲಿ ಅವರೇ ಹೆಚ್ಚು. ಕರಿ ಗ್ರಾನೈಟಿನ ಮೇಲೆ ಬಣ್ಣ ತುಂಬದೆ ಕೊರೆದ ಅಕ್ಷರ ಅವರಿಗೆ ಬರೀ ಹೊಳಪು. ಗಾಜಿನ ಹಿಂದೆ ಇಟ್ಟರೆ ಓದುವವರ ಮುಖವೇ ಕಾಣುತ್ತದೆ. ಕನ್ನಡ ಲಿಪಿಗೆ ಇನ್ನೊಂದು ತೊಂದರೆ ಇದೆ. ದ ಮತ್ತು ಧ, ಪ ಮತ್ತು ಫ, ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಒತ್ತಕ್ಷರ ಮೇಲಿನ ಅಕ್ಷರಕ್ಕಿಂತ ಚಿಕ್ಕದು. ಅಕ್ಷರ ಸಣ್ಣದಾದರೆ ಮೊದಲು ಕಾಣೆಯಾಗುವುದು ಇವೇ. ಹಾಗಾಗಿ ಕನ್ನಡದ ಫಲಕಕ್ಕೆ ದೊಡ್ಡ, ದಪ್ಪ, ಸರಳ ಅಕ್ಷರ ಬೇಕು. ಹೊಳಪಿಲ್ಲದ ಹಿನ್ನೆಲೆ, ಸಾಲುಗಳ ನಡುವೆ ಧಾರಾಳ ಜಾಗ. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ. ಅದನ್ನು ಹಳೆಯ ಕಲ್ಲಿಗೇ ಬಳಿಯಬಾರದು, ತೆಗೆದಿಡಬಹುದಾದ ಪಟ್ಟಿ ಹಾಸಬೇಕು. ಬಿಸಿಲಿನ ಅಂಗಳದಿಂದ ಗುಡಿಯ ಒಳಮಂಟಪವಾದ ಕತ್ತಲೆಯ ನವರಂಗಕ್ಕೆ ಕಾಲಿಟ್ಟಾಗ ನಮ್ಮ ಕಣ್ಣಿಗೇ ಒಂದು ನಿಮಿಷ ಏನೂ ಕಾಣುವುದಿಲ್ಲ. ಅವರಿಗೆ ಹತ್ತು ನಿಮಿಷ ಬೇಕಾಗಬಹುದು. ಬಾಗಿಲ ಪಕ್ಕ ಕೂರಲು ಒಂದು ಜಾಗ ಇದ್ದರೆ ಎಷ್ಟು ಉಪಕಾರ.

ಮಾತಿನಲ್ಲಿ ತೋರಿಸುವುದು

ಅದ್ಭುತ, ಮನಮೋಹಕ, ಕಣ್ಮನ ತಣಿಸುವ. ನಮ್ಮ ಗೈಡ್‌ಗಳ ಬಾಯಲ್ಲಿ ಈ ಪದಗಳು ಜಾಸ್ತಿ. ಇವು ಕೇಳುವವರಿಗೆ ಏನನ್ನೂ ಕೊಡುವುದಿಲ್ಲ. ಕಣ್ಣು ಕಾಣದವರಿಗೆ ವಿವರಿಸುವುದು ಒಂದು ಕಲೆ, ಅದಕ್ಕೊಂದು ಕ್ರಮ ಇದೆ. ಮೊದಲು ಗಾತ್ರ, ಆಮೇಲೆ ಇಡೀ ಆಕಾರ, ಆಮೇಲೆ ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ. ನಡುವೆ ಹಾರಬಾರದು.

ಬಾದಾಮಿಯ ಮೊದಲ ಗುಹೆಯ ನಟರಾಜನನ್ನು ನಾನು ಹೀಗೆ ಹೇಳುತ್ತೇನೆ: "ನಾವು ಗುಹೆಯ ಹೊರಗೆ ನಿಂತಿದ್ದೇವೆ. ಬಲಗಡೆ ಕೆಂಪು ಮರಳುಗಲ್ಲಿನ ಬಂಡೆ. ಅದರಲ್ಲೇ ಬಿಡಿಸಿದ ಶಿವ, ಎತ್ತರ ಸುಮಾರು ಐದಡಿ. ಹೆಚ್ಚುಕಡಿಮೆ ನಿಮ್ಮಷ್ಟೇ ಎತ್ತರ. ನಿಂತಿಲ್ಲ, ಕುಣಿಯುತ್ತಿದ್ದಾನೆ. ಮೈಯ ನಡುವಿಗೆ ಒಂದೇ ಸೊಂಟ, ಎರಡೇ ಕಾಲು. ಆದರೆ ಭುಜದಿಂದ ಎಡಕ್ಕೆ ಒಂಬತ್ತು ಕೈ, ಬಲಕ್ಕೆ ಒಂಬತ್ತು ಕೈ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ. ಕೆಲವು ಕೈಯಲ್ಲಿ ತ್ರಿಶೂಲ, ಡಮರು, ಹಾವು. ಉಳಿದವು ಖಾಲಿ, ನಾಟ್ಯದ ಮುದ್ರೆಯಲ್ಲಿವೆ. ಎಡದ ಒಂದು ಕೈಗೆ ಬಲದ ಒಂದು ಕೈ ಜೋಡಿಸುತ್ತಾ ಹೋದರೆ ಒಂಬತ್ತೊಂಬತ್ತಲೆ 81 ಭಂಗಿ ಸಿಗುತ್ತವೆ ಎನ್ನುತ್ತಾರೆ. ಹಿಂದೆ ನಂದಿ. ಪಕ್ಕದಲ್ಲಿ ಪುಟ್ಟ ಗಣಪತಿ, ಮದ್ದಳೆ ಬಾರಿಸುವವನೊಬ್ಬ."

ಇದಾದ ಮೇಲೆ ಇನ್ನೊಂದು ಉಪಾಯ. ಆ ಭಂಗಿಯಲ್ಲಿ ಅವರನ್ನೇ ನಿಲ್ಲಿಸುವುದು. ಬೇಲೂರಿನ ಮದನಿಕೆಯ ಮೈ ಮೂರು ಕಡೆ ಬಳುಕಿದೆ ಎಂದು ಹೇಳುವುದಕ್ಕಿಂತ, "ಒಂದು ಕಾಲಿಗೆ ಭಾರ ಬಿಡಿ, ಸೊಂಟ ಅತ್ತ ಸರಿಸಿ, ಭುಜ ಇತ್ತ ವಾಲಿಸಿ, ಕತ್ತು ಮತ್ತೆ ಅತ್ತ" ಎಂದರೆ ಮೈಗೇ ಗೊತ್ತಾಗುತ್ತದೆ. ಶ್ರವಣಬೆಳಗೊಳದ ಗೊಮ್ಮಟನಿಗೂ ಮೈಯಳತೆಯೇ ಸರಿ. ಎತ್ತರ ಸುಮಾರು 58 ಅಡಿ ಎಂದರೆ ಬರೀ ಅಂಕಿ. ಪಾದದ ಉದ್ದವೇ ಸುಮಾರು 9 ಅಡಿ, ನೀವು ಅಂಗಾತ ಮಲಗಿದರೂ ಹಿಮ್ಮಡಿಯಿಂದ ಬೆರಳವರೆಗೆ ಮುಟ್ಟುವುದಿಲ್ಲ ಎಂದರೆ ಎದೆ ಝಲ್ಲೆನ್ನುತ್ತದೆ.

ಈ ವಿವರಗಳನ್ನು ಮೊದಲೇ ರೆಕಾರ್ಡ್ ಮಾಡಿ ಫೋನಿನಲ್ಲಿ ಕೇಳುವ ಹಾಗೆ ಮಾಡಬಹುದು. ಒಂದು ತೊಡಕು, ಕ್ಯೂಆರ್ ಕೋಡ್ ಎಲ್ಲಿ ಅಂಟಿಸಿದ್ದಾರೆ ಎಂದು ಕಾಣದವರಿಗೆ ತಿಳಿಯುವುದು ಹೇಗೆ? ಅದರ ಸುತ್ತ ಉಬ್ಬಿದ ಚೌಕಟ್ಟು ಇರಬೇಕು. ಎಲ್ಲ ಕಡೆ ಒಂದೇ ಎತ್ತರಕ್ಕೆ, ಬಾಗಿಲಿನ ಒಂದೇ ಬದಿಗೆ ಇರಬೇಕು. ಇಲ್ಲವಾದರೆ ಹತ್ತಿರ ಬಂದಾಗ ಫೋನಿಗೆ ತಾನೇ ಸುದ್ದಿ ಕೊಡುವ ಬ್ಲೂಟೂತ್ ಸಾಧನ ಇಡಬೇಕು. ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಮಾತ್ರ ಬೇಡ. ಕಿವಿಯೇ ಅವರ ದಾರಿದೀಪ.

ಕಿವಿಗೆ ಕಟ್ಟಿದ ಕಟ್ಟಡ

ಕಣ್ಣಿಗಿಂತ ಕಿವಿಗೇ ಜಾಸ್ತಿ ಸಿಗುವ ಜಾಗ ನಮ್ಮ ರಾಜ್ಯದಲ್ಲೇ ಇದೆ, ವಿಜಯಪುರದ ಗೋಲಗುಮ್ಮಟ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿ. ಗುಮ್ಮಟದ ಹೊರಗಿನ ಅಡ್ಡಳತೆ 44 ಮೀಟರ್, ಒಳಗಿನದು ಸುಮಾರು 38. ನಡುವೆ ಒಂದೇ ಒಂದು ಕಂಬ ಇಲ್ಲ. ಒಳಗೆ ಕಾಲಿಟ್ಟ ಕೂಡಲೇ ಹೆಜ್ಜೆಯ ಸದ್ದು ಬದಲಾಗುತ್ತದೆ. ಆ ಖಾಲಿ ಎಷ್ಟು ದೊಡ್ಡದು ಎಂದು ಸದ್ದೇ ಹೇಳಿಬಿಡುತ್ತದೆ.

ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದರೆ ಎದುರು ಬದಿಯ ಗೋಡೆಗೆ ಕಿವಿಯಿಟ್ಟವರಿಗೆ ಪಕ್ಕದಲ್ಲೇ ಮಾತಾಡಿದ ಹಾಗೆ ಕೇಳುತ್ತದೆ. ಕಾರಣ ಇಷ್ಟೇ, ಬಾಗಿದ ಗೋಡೆ ಸದ್ದನ್ನು ಚದುರಲು ಬಿಡದೆ ತನ್ನ ಮೈಗಂಟಿಸಿಕೊಂಡೇ ಸುತ್ತ ಹರಿಸುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ನಡೆಯುವ ಇದೇ ಚಮತ್ಕಾರವನ್ನು ವಿಜ್ಞಾನಿ ಲಾರ್ಡ್ ರೇಲೆ ವಿವರಿಸಿದ್ದು. ಅಲ್ಲಿಗೆ ಹತ್ತುವುದು ಮಾತ್ರ ಸುಲಭವಲ್ಲ, ಮೂಲೆಯ ಗೋಪುರದ ಒಳಗೆ ಇಕ್ಕಟ್ಟಾದ ಕಡಿದಾದ ಮೆಟ್ಟಿಲು. ಮತ್ತೆ ಮೇಲೆ ಹೋದರೆ ಶಾಲೆ ಮಕ್ಕಳ ಕೇಕೆ. ಆ ಗದ್ದಲದಲ್ಲಿ ಪಿಸುಮಾತು ಎಲ್ಲಿ ಕೇಳುತ್ತದೆ? ಬೆಳಿಗ್ಗೆ ಬಾಗಿಲು ತೆಗೆದ ಮೊದಲ ಅರ್ಧ ಗಂಟೆ ಕೂಗಾಟ ಬೇಡ ಎಂದು ನಿಯಮ ಮಾಡಿದರೆ ಸಾಕು. ಖರ್ಚೇ ಇಲ್ಲದ ಸೌಲಭ್ಯ ಅದು.

ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಗುತ್ತದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಅಲ್ಲಿ ಸಂಗೀತ ಕೊಟ್ಟರು. ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲೇ ಲಕ್ಕುಂಡಿ. ಅತ್ತಿಮಬ್ಬೆ ಕಟ್ಟಿಸಿದ ಬಸದಿ, ಕಾಶಿವಿಶ್ವೇಶ್ವರ ಗುಡಿಯ ತಿರುಗಣೆ ಹಿಡಿದ ಕಂಬಗಳು. ಅಂಥ ಒಂದು ಕಂಬದ ಪ್ರತಿ ಆಶ್ರಮದಲ್ಲಿದ್ದರೆ, ನುಣುಪು, ಬಳೆಯಂಥ ಸುತ್ತು, ಮತ್ತೆ ನುಣುಪು ಎಂದು ಆ ಮಕ್ಕಳ ಬೆರಳು ತಾಳ ಹಾಕಿದ ಹಾಗೆ ಓದುತ್ತದೆ.

ನಡೆಯುವುದು, ಹೊರಡುವುದು

ಕರೆದುಕೊಂಡು ಹೋಗುವವರು ಕೈ ಹಿಡಿದು ಎಳೆಯಬಾರದು. ಅವರೇ ನಮ್ಮ ಮೊಣಕೈಯ ಸ್ವಲ್ಪ ಮೇಲೆ ಹಿಡಿದುಕೊಳ್ಳಲಿ. ನಾವು ಅರ್ಧ ಹೆಜ್ಜೆ ಮುಂದೆ. ಮೆಟ್ಟಿಲು ಬಂದರೆ ನಿಂತು, ಹತ್ತುವುದೋ ಇಳಿಯುವುದೋ ಹೇಳಬೇಕು. ನಮ್ಮ ಗುಡಿಗಳಲ್ಲಿ ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ. ಬಿಳಿ ಕೋಲಿಗೆ ಹೊಸ್ತಿಲು ಸಿಗುತ್ತದೆ, ತಲೆಯ ಮೇಲಿನ ಕಲ್ಲಿನ ತೊಲೆ ಸಿಗುವುದಿಲ್ಲ. ಅದನ್ನು ಬಾಯಿಬಿಟ್ಟೇ ಹೇಳಬೇಕು. ಪೂಜೆ ನಡೆಯುವ ಗುಡಿಗಳಲ್ಲಿ ಚಪ್ಪಲಿಯ ಜೊತೆ ಕೋಲನ್ನೂ ಹೊರಗಿಡಿ ಎನ್ನುವವರಿದ್ದಾರೆ. ಕೋಲು ಚಪ್ಪಲಿಯಲ್ಲ, ಅದು ಅವರ ಕಣ್ಣು. ತುದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ರೈಲು ನಿಲ್ದಾಣದಲ್ಲಿ ಹಳದಿ ಉಬ್ಬು ಹಾಸು ನೋಡಿದ್ದೀರಲ್ಲ? ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿದ್ದು. 1967ರಲ್ಲಿ ಒಕಯಾಮಾ ಊರಿನ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲು ಹಾಕಿದರು. ಉದ್ದ ಗೆರೆ ಇದ್ದರೆ ಮುಂದೆ ಹೋಗಿ, ಗುಂಡು ಚುಕ್ಕಿ ಇದ್ದರೆ ನಿಲ್ಲಿ. ಟಿಕೆಟ್ ಕೌಂಟರ್‌ವರೆಗೆ ಇದು ಸರಿ. ಹಳೆಯ ಕಲ್ಲಿನ ನೆಲಕ್ಕೆ ಅಂಟಿಸುವುದು, ಕೊರೆಯುವುದು ತಪ್ಪು. ಅಲ್ಲಿ ಹುಲ್ಲಿನ ಅಂಚು, ಜಲ್ಲಿಯ ದಾರಿ, ಕಲ್ಲಿನ ಚಪ್ಪಡಿ, ಕಾಲಿಗೆ ಗೊತ್ತಾಗುವ ಇಂಥ ವ್ಯತ್ಯಾಸಗಳನ್ನೇ ದಾರಿ ಮಾಡಬಹುದು.

ಪ್ರವಾಸ ಶುರುವಾಗುವುದು ಮನೆಯಲ್ಲಿ, ಫೋನಿನಲ್ಲಿ. ಅಲ್ಲೇ ಬಾಗಿಲು ಮುಚ್ಚಿದ್ದರೆ? ನಮ್ಮ ಎಷ್ಟೋ ಮಾಹಿತಿ ಸ್ಕ್ಯಾನ್ ಮಾಡಿದ ಚಿತ್ರದ ರೂಪದಲ್ಲಿದೆ, ಓದಿ ಹೇಳುವ ತಂತ್ರಾಂಶಕ್ಕೆ ಅದು ಖಾಲಿ ಹಾಳೆ. ಹಳೆಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವಂತೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳುತ್ತದೆ. ಯೂನಿಕೋಡಿನಲ್ಲಿ ಬರೆದರೆ ಸಾಕು, ಫೋನು ಕನ್ನಡವನ್ನು ಚೆನ್ನಾಗೇ ಓದುತ್ತದೆ.

ಇದೆಲ್ಲ ದಯೆಯ ಮಾತಲ್ಲ. 2016ರ ಕಾಯ್ದೆ ಸಾಂಸ್ಕೃತಿಕ ಬದುಕಿನಲ್ಲಿ ಸಮಾನ ಪಾಲನ್ನು ಹಕ್ಕು ಎಂದೇ ಹೇಳಿದೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿಯಾಗಿ ಹೇಳಿತು. ಸೌಲಭ್ಯದ ನಿಯಮಗಳು ಬರೀ ಸಲಹೆಯ ಹಾಗಿರುವುದು ಕಾಯ್ದೆಗೆ ವಿರುದ್ಧ, ಕಡ್ಡಾಯವಾದ ಕನಿಷ್ಠ ಮಟ್ಟ ಗೊತ್ತು ಮಾಡಿ ಎಂದಿತು.

ಎರಡನೇ ಸಲ

ಡಿಸೆಂಬರ್ ತಿಂಗಳ ಬೆಳಿಗ್ಗೆ. ಸೋಮನಾಥಪುರದ ಅಂಗಳದಲ್ಲಿ ಮೊದಲು ಹುರಿಯ ನಕ್ಷೆ ಕೊಟ್ಟೆ. ಚಿಕ್ಕಪ್ಪ ಅದನ್ನು ಮಡಿಲಲ್ಲಿಟ್ಟುಕೊಂಡು ಎರಡು ಸುತ್ತು ಬೆರಳಾಡಿಸಿದರು. ಆಮೇಲೆ ಕಲ್ಚಟ್ಟಿಯ ಚೂರು. ಉಗುರಿನಲ್ಲಿ ಕೆರೆದು, "ಇದೇ ಕಲ್ಲಾ?" ಎಂದರು. ಇದೇ ಜಾತಿಯ ಕಲ್ಲು ಎಂದೆ.

ಜಗತಿಯ ಹತ್ತಿರ ಬಂದಾಗ ನನಗೆ ಒಂದು ವಿಷಯ ಹೊಳೆಯಿತು. ಜಗತಿಯ ಎತ್ತರ ಸುಮಾರು ಮೂರಡಿ, ಸರಿಯಾಗಿ ಕೈಗೆ ಸಿಗುವ ಮಟ್ಟ. ಅದು ಗುಡಿಯ ನಕ್ಷತ್ರದ ಆಕಾರವನ್ನೇ ಅನುಸರಿಸಿ ಮಡಿಕೆ ಮಡಿಕೆಯಾಗಿ ಸುತ್ತುತ್ತದೆ. ಅದರ ಮೇಲ್ಭಾಗ ದಿನಾ ಸಾವಿರ ಜನ ಕಾಲಿಟ್ಟು ನಡೆಯುವ ನೆಲ. ಕಾಲಿಗೆ ಇಲ್ಲದ ಅಡ್ಡಿ ಅಂಗೈಗೆ ಯಾಕೆ? ಕಾವಲಿನವರನ್ನು ಕೇಳಿದೆ. "ಮೇಲಿನ ಚಪ್ಪಡಿ ತಾನೆ, ಮುಟ್ಟಲಿ ಬಿಡಿ ಸಾರ್" ಎಂದರು.

ಚಿಕ್ಕಪ್ಪ ಕೆಳಗೆ ಹುಲ್ಲಿನ ಮೇಲೆ ನಡೆದರು. ಒಂದು ಕೈ ನನ್ನ ಮೊಣಕೈ ಮೇಲೆ, ಇನ್ನೊಂದು ಜಗತಿಯ ಅಂಚಿನ ಮೇಲೆ. ಮೂಲೆ ಬಂದಾಗಲೆಲ್ಲ ನಿಲ್ಲುತ್ತಿದ್ದರು. ಅಂಗೈ ಹೊರಗೆ ಹೋಗಿ ಒಳಗೆ ಬರುತ್ತಿತ್ತು. ತುಟಿ ಆಡುತ್ತಿತ್ತು, ಎಣಿಸುತ್ತಿದ್ದರು. ಇಡೀ ಸುತ್ತು ಮುಗಿಸಲು ನಲವತ್ತು ನಿಮಿಷ ಹಿಡಿಯಿತು. ನಡುವೆ ಗೋಡೆಯ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಹೇಳಿದೆ. ಆನೆ, ಕುದುರೆ ಸವಾರರು, ಬಳ್ಳಿ, ಕಥೆಯ ಸಾಲು, ಮಕರ, ಹಂಸ. ಈ ಸಲ ಅವರು ಎಲ್ಲಿದ್ದೀವಿ ಎಂದು ಕೇಳಲಿಲ್ಲ. "ಇದು ದಕ್ಷಿಣದ ಗೋಡೆ ಅಲ್ವಾ? ಹಾಗಾದರೆ ರಾಮಾಯಣ ಇಲ್ಲೇ ಇರಬೇಕು" ಎಂದು ಅವರೇ ಹೇಳಿದರು.

ನವರಂಗದಲ್ಲಿ ಬಾಳೆಹೂವು ಕೊಟ್ಟೆ. ತುದಿ ಕೆಳಗೆ ಮಾಡಿ ತಲೆಯ ಮೇಲೆ ಹಿಡಿಯಿರಿ ಎಂದೆ. ಅಲ್ಲಿನ ಛಾವಣಿಯಲ್ಲಿ ಬಾಳೆಯ ಮೊಗ್ಗು ಹೀಗೇ ಕೆಳಮುಖವಾಗಿ ತೂಗುತ್ತದೆ, ಕಲ್ಲಿನಲ್ಲಿ. ಅವರು ಒಂದೊಂದೇ ಎಸಳನ್ನು ಬೆರಳಿನಿಂದ ಬಿಡಿಸುತ್ತಾ ಎಷ್ಟೋ ಹೊತ್ತು ನಿಂತಿದ್ದರು.

ಹೊರಗೆ ಬಂದು ಕೂತ ಮೇಲೆ ರಟ್ಟನ್ನು ಮತ್ತೆ ಕೇಳಿದರು. ಹುರಿಯ ಮೇಲೆ ಬೆರಳು ಓಡಿಸಿ, ಉತ್ತರದ ಗರ್ಭಗುಡಿಯ ಹತ್ತಿರ ನಿಲ್ಲಿಸಿದರು. "ಇಲ್ಲಿ ಒಂದು ಮೂಲೆ ಕಡಿಮೆ ಹಾಕಿದ್ದೀಯ ನೋಡು. ಅಲ್ಲಿ ಕೈಗೆ ಸಿಕ್ಕಿತ್ತು, ಇಲ್ಲಿ ಇಲ್ಲ."

ಮನೆಗೆ ಬಂದು ನಕ್ಷೆ ಇಟ್ಟುಕೊಂಡು ಎಣಿಸಿದೆ. ಎರಡು ಮೂಲೆಗಳನ್ನು ಹುರಿ ಒಂದು ಮಾಡಿಬಿಟ್ಟಿತ್ತು. ಆ ರಾತ್ರಿಯೇ ಅಷ್ಟು ಭಾಗ ಕಿತ್ತು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಅಂಟಿಸಿದೆ.